‘ಗೆಟ್’ ಅಂದ್ರೆ ಏನೇನು? ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ದೊಡ್ಡ ಇಂಗ್ಲಿಷ್ ಪದಗಳನ್ನು ನಿಘಂಟು ನೋಡಿ ತಿಳಿದುಕೊಳ್ಳಬಹುದು. ತಲೆ ತಿನ್ನುವುದು ಮೂರೇ ಅಕ್ಷರದ ಪುಟ್ಟ ಪದಗಳು. ಅವುಗಳಲ್ಲಿ ನನ್ನ ಹತ್ತಿರ ಜಾಸ್ತಿ ಪ್ರಶ್ನೆ ತಂದಿರುವುದು ‘ಗೆಟ್’. ಇಂಗ್ಲಿಷ್ ಕಲಿಯುವವರು, ಅನುವಾದ ಮಾಡುವವರು, ಮಕ್ಕಳಿಗೆ ಪಾಠ ಹೇಳುವವರು ಮತ್ತೆ ಮತ್ತೆ ಕೇಳುವುದನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಸುತ್ತಿ ಬಳಸದೆ ಹೇಳಿ, ‘ಗೆಟ್’ ಅಂದ್ರೆ ಏನು?

ಒಂದು ಪದದಲ್ಲಿ ಹೇಳೋಕೆ ಆಗಲ್ಲ. ಒಂದು ವಾಕ್ಯ ಕೊಡುತ್ತೇನೆ, ನಿಧಾನವಾಗಿ ಓದಿ.

‘ಬೈ ದ ಟೈಮ್ ಐ ಗಾಟ್ ಹೋಮ್, ಇಟ್ ವಾಸ್ ಗೆಟಿಂಗ್ ಡಾರ್ಕ್, ಸೋ ಐ ಗಾಟ್ ಮೈ ಟಾರ್ಚ್, ಗಾಟ್ ದ ಡೋರ್ ಓಪನ್ ಅಂಡ್ ಗಾಟ್ ಎ ಶಾಕ್.’

ಇದರಲ್ಲಿ ಐದು ‘ಗೆಟ್’ ಇವೆ. ಕನ್ನಡದಲ್ಲಿ ಹೀಗಾಗುತ್ತದೆ: ‘ನಾನು ಮನೆ ಮುಟ್ಟುವ ಹೊತ್ತಿಗೆ ಕತ್ತಲಾಗುತ್ತಿತ್ತು. ಟಾರ್ಚ್ ತಗೊಂಡೆ, ಹೇಗೋ ಬಾಗಿಲು ತೆರೆದೆ, ಶಾಕ್ ಹೊಡೆಯಿತು.’ ಮುಟ್ಟು, ಆಗು, ತಗೊಳ್ಳು, ತೆರೆ, ಹೊಡೆ. ಐದು ಜಾಗ, ಐದು ಬೇರೆ ಬೇರೆ ಕ್ರಿಯಾಪದ.

ನಡುವೆ ‘ಹೇಗೋ’ ಅಂತ ಒಂದು ಪದ ಬಂದಿದೆ, ಗಮನಿಸಿದಿರಾ? ಇಂಗ್ಲಿಷ್ ವಾಕ್ಯದಲ್ಲಿ ಅದಕ್ಕೆ ಪ್ರತ್ಯೇಕ ಪದ ಇಲ್ಲ. ‘ಓಪನ್ಡ್ ದ ಡೋರ್’ ಅಂದಿದ್ದರೆ ಸುಮ್ನೆ ಬಾಗಿಲು ತೆರೆದೆ ಅಂತ ಅರ್ಥ. ‘ಗಾಟ್ ದ ಡೋರ್ ಓಪನ್’ ಅಂದಾಗ ಬಾಗಿಲು ಸ್ವಲ್ಪ ಸತಾಯಿಸಿತು, ಬೀಗ ಬಿಗಿಯಾಗಿತ್ತೋ ಏನೋ ಅನ್ನುವ ಭಾವ ಬರುತ್ತದೆ. ಆ ‘ಹೇಗೋ’ ಕೂಡ ‘ಗೆಟ್’ನ ಒಳಗೇ ಇದೆ.

ಐದಕ್ಕೂ ಒಂದು ಎಳೆ ಸಾಮಾನ್ಯ. ಮೊದಲು ಇರಲಿಲ್ಲ, ಆಮೇಲೆ ಆಯಿತು. ಮನೆಯಲ್ಲಿ ಇರಲಿಲ್ಲ, ಈಗ ಇದ್ದೇನೆ. ಕತ್ತಲೆ ಇರಲಿಲ್ಲ, ಈಗ ಆಗುತ್ತಿದೆ. ಟಾರ್ಚ್ ಕೈಯಲ್ಲಿರಲಿಲ್ಲ, ಈಗ ಇದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಆ ಗಳಿಗೆಯೇ ‘ಗೆಟ್’. ಏನು ಬದಲಾಯಿತು ಅನ್ನುವುದನ್ನು ಅದು ತಾನೇ ಹೇಳುವುದಿಲ್ಲ, ಮುಂದೆ ಬರುವ ಪದಕ್ಕೆ ಬಿಡುತ್ತದೆ.

ಹಾಗಾದರೆ ಓದುವಾಗ ಅರ್ಥ ಹಿಡಿಯುವುದು ಹೇಗೆ?

‘ಗೆಟ್’ ಬಿಟ್ಟು ಅದರ ಬಾಲ ನೋಡಿ.

ಮುಂದೆ ವಸ್ತು ಬಂದರೆ ಸಿಗು, ಬರು, ತಗೊಳ್ಳು. ‘ಡಾರ್ಕ್’, ‘ಟಯರ್ಡ್’ ತರಹ ಗುಣ ಹೇಳುವ ಪದ ಬಂದರೆ ಆಗು. ಜಾಗ ಅಥವಾ ದಿಕ್ಕು ಬಂದರೆ ಹೋಗು, ಬರು, ಮುಟ್ಟು. ಒಬ್ಬ ವ್ಯಕ್ತಿ, ಆಮೇಲೆ ಒಂದು ವಸ್ತು ಬಂದರೆ ತಂದುಕೊಡು: ‘ಗೆಟ್ ಮಿ ಎ ಪೆನ್’ ಅಂದರೆ ನನಗೊಂದು ಪೆನ್ ತಂದುಕೊಡು. ಮುಂದೆ ‘ಟು’ ಮತ್ತು ಇನ್ನೊಂದು ಕ್ರಿಯಾಪದ ಬಂದರೆ ಅವಕಾಶ ಸಿಗು. ಒಂದು ವಸ್ತು, ಆಮೇಲೆ ‘ಡನ್’, ‘ರಿಪೇರ್ಡ್’ ತರಹದ ರೂಪ ಬಂದರೆ ಮಾಡಿಸು.

ಇಷ್ಟು ತಲೆಯಲ್ಲಿದ್ದರೆ ನೂರಕ್ಕೆ ಎಂಬತ್ತು ಸಲ ಎಡವುವುದಿಲ್ಲ ಅಂತ ನನ್ನ ಅಂದಾಜು. ಲೆಕ್ಕ ಇಟ್ಟವನಲ್ಲ ನಾನು.

ನಿಘಂಟಿನಲ್ಲಿ ‘ಪಡೆ’ ಅಂತ ಇದೆ. ಅದನ್ನೇ ಹಾಕಿದರೆ ಆಯ್ತಲ್ವಾ?

ದಯವಿಟ್ಟು ಬೇಡ. ಅನುವಾದ ಅನುವಾದದ ಹಾಗೆ ಕಾಣುವುದಕ್ಕೆ ಈ ‘ಪಡೆ’ಯಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ. ‘ನಾನು ಜ್ವರವನ್ನು ಪಡೆದೆನು’ ಅಂತ ಬರೆದ ಕಾಗದ ನಾನೇ ಓದಿದ್ದೇನೆ. ಜ್ವರಕ್ಕೆ ಅರ್ಜಿ ಹಾಕಿ, ಸಾಲಿನಲ್ಲಿ ನಿಂತು, ಸಹಿ ಮಾಡಿ ತಗೊಂಡ ಹಾಗಿತ್ತು.

ತೊಂದರೆ ಎಲ್ಲಿದೆ ಅಂದರೆ, ಇಂಗ್ಲಿಷ್‌ನಲ್ಲಿ ‘ಐ’ ಮುಂದೆ ನಿಲ್ಲುತ್ತದೆ. ಐ ಗಾಟ್ ಎ ಲೆಟರ್, ಐ ಗಾಟ್ ಎ ಜಾಬ್, ಐ ಗಾಟ್ ಆಂಗ್ರಿ, ಐ ಗಾಟ್ ಟಯರ್ಡ್. ಎಲ್ಲ ಕಡೆ ‘ನಾನು’ ಏನೋ ಮಾಡಿದ ಹಾಗೆ. ಕನ್ನಡ ಇದನ್ನು ತಿರುಗಿಸಿ ಹೇಳುತ್ತದೆ. ಕಾಗದ ನನಗೆ ಬಂತು. ಕೆಲಸ ನನಗೆ ಸಿಕ್ಕಿತು. ಸಿಟ್ಟು ನನಗೆ ಬಂತು. ಸುಸ್ತು ನನಗೆ ಆಯಿತು. ನಮ್ಮಲ್ಲಿ ‘ನಾನು’ ‘ನನಗೆ’ ಆಗಿ ಪಕ್ಕಕ್ಕೆ ಸರಿಯುತ್ತೇನೆ, ಬಂದದ್ದು ಮುಂದೆ ನಿಲ್ಲುತ್ತದೆ. ‘ಗೆಟ್’ ಕಂಡ ತಕ್ಷಣ ವಾಕ್ಯವನ್ನು ‘ನನಗೆ’ಯಿಂದ ಶುರು ಮಾಡಿ ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇಲ್ಲಿ ಇನ್ನೊಂದು ಸೊಗಸಿದೆ. ಇಂಗ್ಲಿಷ್‌ನ ಒಂದೇ ‘ಗಾಟ್’ ಇರುವ ಕಡೆ ಕನ್ನಡ ‘ಬಂತು’, ‘ಸಿಕ್ಕಿತು’ ಅಂತ ಎರಡು ಮಾಡುತ್ತದೆ. ತಾನಾಗಿ ಬರುವುದು ಬರುತ್ತದೆ: ಜ್ವರ, ನಿದ್ದೆ, ಸಂಬಳ, ಸಿಟ್ಟು. ಹುಡುಕಿದ್ದು, ಕಾದದ್ದು, ಕೈ ತಪ್ಪಬಹುದಾಗಿದ್ದದ್ದು ಸಿಗುತ್ತದೆ: ಕೆಲಸ, ಸೀಟು, ರಜೆ, ಬೀಗದ ಕೈ. ‘ಬಸ್ ಬಂತು’ ಅಂದರೆ ಬಸ್ ಕಣ್ಣಿಗೆ ಬಿತ್ತು ಅಷ್ಟೇ. ‘ಬಸ್ ಸಿಕ್ಕಿತು’ ಅಂದರೆ ಹತ್ತಿಯೂ ಆಗಿದೆ. ‘ಐ ಗಾಟ್ ದ ಬಸ್’ ಎರಡನೆಯದು.

‘ಪಡೆ’ ಎಲ್ಲಿ ಸರಿ? ಪದವಿ ಪಡೆ, ಪ್ರಶಸ್ತಿ ಪಡೆ, ಅನುಮತಿ ಪಡೆ. ‘ರಸೀದಿ ಪಡೆಯಿರಿ’ ಅಂತ ಬೋರ್ಡ್ ಮೇಲೆ ಬರೆಯುವುದೂ ಸರಿ. ಸ್ವಲ್ಪ ಗತ್ತು, ಸ್ವಲ್ಪ ಪ್ರಯತ್ನ ಇರುವ ಕಡೆ ಅದು ಚೆನ್ನಾಗಿ ಕೂರುತ್ತದೆ.

ಸಮಾನಾರ್ಥಕ ಪದಗಳು ಯಾವುವು? ಯಾವುದನ್ನು ಬೇಕಾದರೂ ಹಾಕಬಹುದಾ?

ಪಟ್ಟಿ ಉದ್ದ ಇದೆ. ಆದರೆ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಅರ್ಥ ಕದಲುತ್ತದೆ. ‘ಐ ಗಾಟ್ ಎ ಕೋಲ್ಡ್’ ಸರಿ. ‘ಐ ಅಬ್‌ಟೇನ್ಡ್ ಎ ಕೋಲ್ಡ್’ ಅಂದರೆ ಕೇಳಿದವರು ನಗುತ್ತಾರೆ.

‘ರಿಸೀವ್’ ಅಂದರೆ ಇನ್ನೊಬ್ಬರು ಕಳಿಸಿದ್ದು ನಿಮಗೆ ಬಂದು ಮುಟ್ಟಿತು. ನೀವು ಕೈ ಚಾಚಿದ್ದಷ್ಟೇ, ಶ್ರಮ ಕಳಿಸಿದವರದು. ಕಾಗದ, ಪಾರ್ಸೆಲ್, ದೂರು ಇವಕ್ಕೆಲ್ಲ ಇದು.

‘ಅಬ್‌ಟೇನ್’ ಇದಕ್ಕೆ ಉಲ್ಟಾ. ನೀವು ಓಡಾಡಿ, ಕೇಳಿ ದಕ್ಕಿಸಿಕೊಂಡದ್ದು. ಪರವಾನಗಿ, ಮಾಹಿತಿ, ಪ್ರಮಾಣಪತ್ರ. ಮಾತಿನಲ್ಲಿ ಬಳಸಿದರೆ ಕೋಟು ಹಾಕಿಕೊಂಡು ಮಲಗಿದ ಹಾಗೆ ಇರುತ್ತದೆ, ಬರಹಕ್ಕೆ ಸರಿ.

‘ಅಕ್ವೈರ್’ ನಿಧಾನದ ಪದ. ಭಾಷೆ, ಅಭ್ಯಾಸ, ರುಚಿ, ಹೆಸರು ಇವು ದಿನದಿನಕ್ಕೆ ಸೇರುತ್ತಾ ಹೋಗುತ್ತವಲ್ಲ, ಅದಕ್ಕೆ. ಒಂದು ಕಂಪನಿ ಇನ್ನೊಂದನ್ನು ಕೊಂಡುಕೊಂಡಾಗಲೂ ಇದೇ ಪದ. ಅಲ್ಲಿ ಮಾತ್ರ ನಿಧಾನದ ಭಾವ ಇರುವುದಿಲ್ಲ.

‘ಪ್ರೊಕ್ಯೂರ್’ ಕಚೇರಿಯ ಕಡತದ ಪದ. ‘ಫೆಚ್’ ಅಂದರೆ ಹೋಗಿ ತಗೊಂಡು ಬಾ. ಹೋಗುವುದು, ಬರುವುದು ಎರಡೂ ಅದರಲ್ಲಿದೆ. ‘ಗೇನ್’ ಇದ್ದುದಕ್ಕೆ ಇನ್ನಷ್ಟು ಸೇರುವುದು: ತೂಕ, ಅನುಭವ, ವೇಗ. ‘ಅರ್ನ್’ ಮಾತ್ರ ನನಗೆ ಇಷ್ಟದ ಪದ. ಅದರಲ್ಲಿ ಬೆವರಿದೆ. ‘ಹಿ ಗಾಟ್ ರೆಸ್ಪೆಕ್ಟ್’ ಅಂದರೆ ಗೌರವ ಸಿಕ್ಕಿತು, ‘ಹಿ ಅರ್ನ್ಡ್ ರೆಸ್ಪೆಕ್ಟ್’ ಅಂದರೆ ಅದು ಅವರಿಗೆ ಸಲ್ಲಬೇಕಾದದ್ದೇ, ಗಳಿಸಿದರು. ಕನ್ನಡದ ‘ಗಳಿಸು’ ಇದಕ್ಕೆ ಸರಿಯಾದ ಜೋಡಿ.

ಇವೆಲ್ಲ ‘ಸಿಗು’ ಕಡೆಯ ಸಮಾನಾರ್ಥಕಗಳು. ‘ಆಗು’ ಕಡೆಗೆ ಬಿಕಮ್, ಗ್ರೋ, ಟರ್ನ್, ಗೋ. ‘ಮುಟ್ಟು’ ಕಡೆಗೆ ರೀಚ್, ಅರೈವ್. ‘ತಿಳಿ’ ಕಡೆಗೆ ಅಂಡರ್‌ಸ್ಟ್ಯಾಂಡ್, ಗ್ರಾಸ್ಪ್. ‘ಒಪ್ಪಿಸು’ ಕಡೆಗೆ ಪರ್ಸುಯೇಡ್. ರೋಗದ ವಿಷಯಕ್ಕೆ ಕ್ಯಾಚ್.

‘ಬಿಕಮ್’ ಮತ್ತು ‘ಗೆಟ್’ ಎರಡೂ ‘ಆಗು’ ತಾನೇ? ವ್ಯತ್ಯಾಸ ಏನು?

ಇದು ನಿಜಕ್ಕೂ ಎಡವುವ ಜಾಗ. ‘ಗೆಟ್’ ಮುಂದೆ ಗುಣ ಹೇಳುವ ಪದ ಬಂದರೆ ಮಾತ್ರ ‘ಆಗು’. ಹೆಸರುಪದ ಬಂದರೆ ಅದು ತಕ್ಷಣ ‘ಸಿಗು’ ಅಥವಾ ‘ಕರೆತಾ’ ಕಡೆಗೆ ಜಾರುತ್ತದೆ. ‘ಹಿ ಬಿಕೇಮ್ ಎ ಡಾಕ್ಟರ್’ ಅಂದರೆ ಅವನು ಡಾಕ್ಟರ್ ಆದ. ‘ಹಿ ಗಾಟ್ ಎ ಡಾಕ್ಟರ್’ ಅಂದರೆ ಅವನು ಡಾಕ್ಟರನ್ನು ಕರೆದುಕೊಂಡು ಬಂದ. ಓದಿ ಡಾಕ್ಟರಾಗುವುದಕ್ಕೂ ಓಡಿ ಹೋಗಿ ಡಾಕ್ಟರನ್ನು ಕರೆತರುವುದಕ್ಕೂ ಎಷ್ಟು ದೂರ!

ಉಳಿದವರನ್ನೂ ಸ್ವಲ್ಪ ನೋಡಿ. ‘ಟರ್ನ್’ ಬಣ್ಣಕ್ಕೆ: ಎಲೆ ಹಳದಿಯಾಯಿತು, ಮುಖ ಕೆಂಪಾಯಿತು. ‘ಗೋ’ ಕೆಟ್ಟದ್ದಕ್ಕೆ: ಹುಚ್ಚು ಹಿಡಿಯಿತು, ಕಣ್ಣು ಹೋಯಿತು, ಹಾಲು ಕೆಟ್ಟಿತು. ‘ಗ್ರೋ’ ಮೆಲ್ಲಗೆ ಆಗುವುದಕ್ಕೆ: ‘ಗ್ರೋ ಓಲ್ಡ್’. ‘ಗೆಟ್ ಓಲ್ಡ್’ ಅಂದರೂ ವಯಸ್ಸಾಗುವುದೇ, ಆದರೆ ‘ಗ್ರೋ’ದಲ್ಲಿ ಕವಿತೆ ಇದೆ, ‘ಗೆಟ್’ನಲ್ಲಿ ಮಂಡಿ ನೋವಿದೆ.

‘ಐ ಆಮ್ ಗೆಟಿಂಗ್ ಕೋಲ್ಡ್’, ‘ಐ ಆಮ್ ಗೆಟಿಂಗ್ ಎ ಕೋಲ್ಡ್’: ಎರಡೂ ಒಂದೇನಾ?

ಮೊದಲನೆಯದು ಚಳಿ, ಎರಡನೆಯದು ನೆಗಡಿ. ನಡುವೆ ಇರುವುದು ಒಂದೇ ಒಂದು ‘ಎ’. ಅದು ಬಂದ ಕೂಡಲೇ ‘ಕೋಲ್ಡ್’ ಗುಣ ಹೋಗಿ ವಸ್ತು ಆಯಿತು, ‘ಆಗು’ ಹೋಗಿ ‘ಬರು’ ಬಂತು. ಬಾಲ ನೋಡಿ ಅಂತ ಹೇಳಿದ್ದು ಇದಕ್ಕೇ.

‘ಐ ಆಮ್ ಗೆಟಿಂಗ್ ಲೇಟ್’ ಅಂತ ಎಲ್ಲರೂ ಹೇಳ್ತಾರಲ್ಲ, ತಪ್ಪಾ?

ನಮ್ಮ ಕಡೆಯವರಿಗೆ ಅರ್ಥವಾಗುತ್ತದೆ, ಹಾಗಾಗಿ ಆಕಾಶವೇನೂ ಬೀಳಲ್ಲ. ಆದರೆ ಅದು ‘ನನಗೆ ಲೇಟಾಗ್ತಿದೆ’ ಅನ್ನುವುದರ ನೇರ ನೆರಳು. ಇಂಗ್ಲಿಷ್‌ನಲ್ಲಿ ಹೊತ್ತು ಲೇಟಾಗುತ್ತದೆ: ‘ಇಟ್ಸ್ ಗೆಟಿಂಗ್ ಲೇಟ್’. ಮನುಷ್ಯರಿಗೆ ತಡವಾಗುತ್ತಿದ್ದರೆ ‘ಐ ಆಮ್ ರನಿಂಗ್ ಲೇಟ್’ ಅನ್ನುತ್ತಾರೆ. ಅದೇ ಜಾತಿಯ ಇನ್ನೊಂದು: ‘ಐ ಆಮ್ ನಾಟ್ ಗೆಟಿಂಗ್ ಸ್ಲೀಪ್’. ನಿದ್ದೆ ಬರ್ತಿಲ್ಲ ಅಂತ ಹೇಳಬೇಕಾದರೆ ‘ಐ ಕಾಂಟ್ ಸ್ಲೀಪ್’ ಸಾಕು. ‘ಐ ಆಮ್ ಗೆಟಿಂಗ್ ಎ ಡೌಟ್’ ಬದಲು ‘ಐ ಹ್ಯಾವ್ ಎ ಕ್ವೆಶ್ಚನ್’.

‘ಐ ಆಮ್ ಗೆಟಿಂಗ್ ಬೋರ್ಡ್’, ‘ಗೆಟಿಂಗ್ ಆಂಗ್ರಿ’, ‘ಗೆಟಿಂಗ್ ಟಯರ್ಡ್’ ಇವೆಲ್ಲ ಸರಿಯೇ. ಹೆದರಬೇಡಿ.

‘ಐ ಆಮ್ ನಾಟ್ ಗೆಟಿಂಗ್ ಯೂ’ ಅಂದರೆ?

ಇದರಲ್ಲಿ ನಾನೇ ಸಿಕ್ಕಿಬಿದ್ದಿದ್ದೇನೆ. ಒಂದು ಸಲ ಫೋನಿನಲ್ಲಿ ಹೊರದೇಶದವರೊಬ್ಬರ ಜೊತೆ ಮಾತಾಡುತ್ತಿದ್ದೆ. ಅವರು ಹೇಳಿದ್ದು ಅರ್ಥವಾಗಲಿಲ್ಲ. ‘ಐ ಆಮ್ ನಾಟ್ ಗೆಟಿಂಗ್ ಯೂ’ ಅಂದೆ. ಆ ಕಡೆ ಎರಡು ಕ್ಷಣ ಮೌನ. ಆಮೇಲೆ ‘ಗೆಟಿಂಗ್ ಮಿ ವಾಟ್?’ ಅಂತ ಕೇಳಿದರು. ನಾನು ಅವರಿಗೆ ಏನನ್ನೋ ತಂದುಕೊಡಲು ಒಪ್ಪುತ್ತಿಲ್ಲ ಅಂತ ಅವರು ತಿಳಿದುಕೊಂಡಿದ್ದರು. ‘ಗೆಟ್ ಮಿ ಎ ಪೆನ್’ ಲೆಕ್ಕದಲ್ಲಿ ಅವರ ಕಿವಿ ಮುಂದಿನ ಪದಕ್ಕಾಗಿ ಕಾಯುತ್ತಿತ್ತು.

ಅರ್ಥವಾಗಲಿಲ್ಲ ಅನ್ನುವುದಕ್ಕೆ ‘ಐ ಡೋಂಟ್ ಗೆಟ್ ಇಟ್’ ಅಥವಾ ‘ಐ ಡಿಡಂಟ್ ಗೆಟ್ ದ್ಯಾಟ್’ ಅನ್ನಿ. ತಿಳಿಯುವ ಅರ್ಥದ ‘ಗೆಟ್’ ಸಾಮಾನ್ಯವಾಗಿ ‘ಇಂಗ್’ ರೂಪಕ್ಕೆ ಹೋಗುವುದಿಲ್ಲ. ನಮ್ಮ ‘ಅರ್ಥ ಆಗ್ತಿಲ್ಲ’ದಲ್ಲಿ ಇರುವ ‘ಆಗ್ತಿ’ ನಮ್ಮನ್ನು ಆ ಕಡೆ ಎಳೆಯುತ್ತದೆ.

ಇನ್ನೊಂದು ಮಾತು. ‘ಐ ಡೋಂಟ್ ಗೆಟ್ ಯೂ’ ಅಂದರೆ ಈ ಮಾತು ಅರ್ಥವಾಗಲಿಲ್ಲ ಅಂತಲೂ ಆಗಬಹುದು, ‘ನೀನು ಎಂಥ ಮನುಷ್ಯನೋ ತಿಳಿಯುತ್ತಿಲ್ಲ’ ಅಂತಲೂ ಆಗಬಹುದು. ಹೊಸಬರ ಹತ್ತಿರ ಬೇಡ.

ಬಸ್ಸಿನಿಂದ ಇಳಿಯುವುದು ‘ಗೆಟ್ ಡೌನ್’ ಅಲ್ವಾ?

‘ಗೆಟ್ ಆಫ್’. ‘ಗೆಟ್ ಡೌನ್’ ಅಂದರೆ ಮರದಿಂದ, ಮೇಜಿನ ಮೇಲಿಂದ, ಏಣಿಯಿಂದ ಕೆಳಗೆ ಇಳಿ. ಬಗ್ಗಿಕೋ ಅಂತಲೂ ಆಗುತ್ತದೆ. ಕನ್ನಡದಲ್ಲಿ ಹತ್ತು, ಇಳಿ ಎರಡೇ ಪದ ಎಲ್ಲಕ್ಕೂ ಸಾಕು. ಇಂಗ್ಲಿಷ್ ಗಾಡಿ ನೋಡಿ ಮಾತು ಬದಲಿಸುತ್ತದೆ. ಒಳಗೆ ಎದ್ದು ಓಡಾಡುವಂಥ ಬಸ್, ರೈಲು, ವಿಮಾನ, ಹಡಗು ಆದರೆ ‘ಗೆಟ್ ಆನ್’, ‘ಗೆಟ್ ಆಫ್’. ತಲೆ ಬಗ್ಗಿಸಿ ಒಳಗೆ ಕೂರುವ ಕಾರು, ಟ್ಯಾಕ್ಸಿ ಆದರೆ ‘ಗೆಟ್ ಇನ್’, ‘ಗೆಟ್ ಔಟ್’. ಮೇಲೆ ಕೂರುವ ಸೈಕಲ್, ಕುದುರೆಗೂ ‘ಆನ್’, ‘ಆಫ್’ ಅಷ್ಟೆ.

‘ಐ ಗಾಟ್ ಟು’, ‘ಐ ಹ್ಯಾವ್ ಗಾಟ್ ಟು’: ಏನು ಫರಕು?

ತುಂಬಾ. ‘ಐ ಗಾಟ್ ಟು ಮೀಟ್ ಹರ್’ ಅಂದರೆ ಅವರನ್ನು ಭೇಟಿಯಾಗುವ ಅವಕಾಶ ಸಿಕ್ಕಿತು, ಖುಷಿಯ ಮಾತು. ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’ ಅಂದರೆ ಭೇಟಿಯಾಗಲೇಬೇಕು, ಬೇರೆ ದಾರಿ ಇಲ್ಲ. ಒಂದು ಭಾಗ್ಯ, ಇನ್ನೊಂದು ಹೊರೆ. ಆಡುಮಾತಿನಲ್ಲಿ ‘ಹ್ಯಾವ್’ ನುಂಗಿಬಿಡುತ್ತಾರೆ, ‘ಗಾಟ್ ಟು’ ಕರಗಿ ‘ಗಾಟಾ’ ಆಗುತ್ತದೆ. ಆಗ ಸಂದರ್ಭ ನೋಡಿಯೇ ತಿಳಿಯಬೇಕು.

‘ಗಾಟ್’ ಸರಿಯೋ ‘ಗಾಟನ್’ ಸರಿಯೋ?

ಎರಡೂ ಸರಿ, ಊರು ಬೇರೆ. ಬ್ರಿಟನ್ನಿನಲ್ಲಿ ‘ಗಾಟನ್’ ಹೆಚ್ಚುಕಡಿಮೆ ಬಿಟ್ಟುಹೋಯಿತು. ‘ಇಲ್-ಗಾಟನ್’ ಅಂದರೆ ಅಡ್ಡದಾರಿಯಲ್ಲಿ ಗಳಿಸಿದ್ದು ಅನ್ನುವ ಪದದಲ್ಲಿ ಉಳಿದಿದೆ. ಅಮೆರಿಕದಲ್ಲಿ ಅದು ಇನ್ನೂ ಜೀವಂತ. ಅಲ್ಲಿ ಅದಕ್ಕೊಂದು ಕೆಲಸವೂ ಇದೆ. ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ನನ್ನ ಹತ್ತಿರ ಕಾರಿದೆ. ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಕಾರು ತಗೊಂಡಿದ್ದೇನೆ. ಇರುವುದು ಬೇರೆ, ಬಂದದ್ದು ಬೇರೆ. ಯಾವುದಾದರೂ ಒಂದು ಕಡೆಯ ಪದ್ಧತಿ ಹಿಡಿದು ಅದರಲ್ಲೇ ಇರಿ.

‘ಗೆಟ್ ಮ್ಯಾರೀಡ್’, ‘ಗೆಟ್ ಹರ್ಟ್’ ಇವುಗಳಲ್ಲಿ ‘ಗೆಟ್’ ಏಕೆ ಬಂತು?

‘ದೇ ಆರ್ ಮ್ಯಾರೀಡ್’ ಅಂದರೆ ಅವರು ಮದುವೆಯಾದವರು, ಇದು ಸ್ಥಿತಿ. ‘ದೇ ಗಾಟ್ ಮ್ಯಾರೀಡ್’ ಅಂದರೆ ಮದುವೆ ಆಯಿತು, ಇದು ಘಟನೆ. ಮತ್ತೆ ಅದೇ ದಾಟುವ ಗಳಿಗೆ. ‘ಗೆಟ್ ಹರ್ಟ್’, ‘ಗೆಟ್ ಕಾಟ್’, ‘ಗೆಟ್ ಫೈರ್ಡ್’ ಹೀಗೆ ಬೇಡದ್ದು ಆದಾಗ ಈ ರೂಪ ಜಾಸ್ತಿ ಬರುತ್ತದೆ. ಏಟು ತಿಂದ, ಸಿಕ್ಕಿಬಿದ್ದ, ಕೆಲಸ ಕಳೆದುಕೊಂಡ. ಕನ್ನಡದ ‘ತಿನ್ನು’, ‘ಬೀಳು’ ಇಲ್ಲಿ ಎಷ್ಟು ಚೆನ್ನಾಗಿ ಹೊಂದುತ್ತವೆ ನೋಡಿ. ಒಳ್ಳೆಯದಕ್ಕೂ ಬರುತ್ತದೆ, ‘ಗೆಟ್ ಪ್ರೊಮೋಟೆಡ್’ ಅಂತ.

ಹಾಗೇ, ‘ಗಾಟ್ ಮ್ಯಾರೀಡ್ ವಿತ್’ ಅನ್ನಬೇಡಿ, ‘ಟು’ ಹಾಕಿ. ‘ಜೊತೆ ಮದುವೆ’ ಅನ್ನುವುದು ನಮ್ಮ ಭಾಷೆಯ ಅಭ್ಯಾಸ.

‘ಐ ಕಟ್ ಮೈ ಹೇರ್’ ಅಂದರೆ ತಪ್ಪೇನು?

ನೀವೇ ಕನ್ನಡಿ ಮುಂದೆ ಕತ್ತರಿ ಹಿಡಿದಿದ್ದರೆ ತಪ್ಪಿಲ್ಲ. ಬೇರೆಯವರ ಕೈಯಲ್ಲಿ ಮಾಡಿಸಿದ್ದರೆ ‘ಐ ಗಾಟ್ ಮೈ ಹೇರ್ ಕಟ್’. ಇಲ್ಲಿ ಕನ್ನಡಿಗರಿಗೆ ಕಷ್ಟವೇ ಆಗಬಾರದು. ಯಾಕೆಂದರೆ ನಮ್ಮಲ್ಲಿ ‘ಇಸು’ ಇದೆ. ಮಾಡು, ಮಾಡಿಸು. ಬರೆ, ಬರೆಸು. ಓದು, ಓದಿಸು. ಕಟ್ಟು, ಕಟ್ಟಿಸು. ಕನ್ನಡದಲ್ಲಿ ಯೋಚಿಸುವಾಗ ‘ಇಸು’ ಬಂತು ಅಂದರೆ ಇಂಗ್ಲಿಷ್‌ನಲ್ಲಿ ಬಹಳ ಸಲ ‘ಗೆಟ್’ ಬರಬೇಕು. ಗಡಿಯಾರ ರಿಪೇರಿ ಮಾಡಿಸಿದೆ: ‘ಐ ಗಾಟ್ ಮೈ ವಾಚ್ ರಿಪೇರ್ಡ್’. ನಾವು ‘ಐ ರಿಪೇರ್ಡ್ ಮೈ ವಾಚ್’ ಅಂದುಬಿಡುತ್ತೇವೆ, ಒಂದೇ ಮಾತಿಗೆ ಗಡಿಯಾರದ ಕೆಲಸಗಾರರಾಗಿಬಿಡುತ್ತೇವೆ.

ವ್ಯಕ್ತಿಯ ಕೈಯಲ್ಲಿ ಮಾಡಿಸಿದರೆ ‘ಟು’ ಬರುತ್ತದೆ: ‘ಐ ಗಾಟ್ ಹಿಮ್ ಟು ಸೈನ್’. ಇದರಲ್ಲಿ ಸ್ವಲ್ಪ ಓಲೈಕೆ ಇದೆ, ಅವನು ಮೊದಲು ಒಪ್ಪಿರಲಿಲ್ಲ, ಹೇಗೋ ಪುಸಲಾಯಿಸಿ ಸಹಿ ಹಾಕಿಸಿದೆ. ‘ಐ ಮೇಡ್ ಹಿಮ್ ಸೈನ್’ ಅಂದರೆ ಬಲವಂತ. ‘ಐ ಹ್ಯಾಡ್ ಹಿಮ್ ಸೈನ್’ ಅಂದರೆ ಹೇಳಿದೆ, ಅವನು ಮಾಡಿದ, ಅಷ್ಟೇ. ಈ ಎರಡಕ್ಕೂ ‘ಟು’ ಬೇಡ. ಕನ್ನಡದಲ್ಲಿ ಮೂರಕ್ಕೂ ‘ಸಹಿ ಹಾಕಿಸಿದೆ’ ಒಂದೇ. ಹೇಗೆ ಹಾಕಿಸಿದಿರಿ ಅನ್ನುವುದನ್ನು ನಾವು ಬೇರೆ ಪದ ಸೇರಿಸಿ ಹೇಳಬೇಕು.

ಒಂದು ಎಚ್ಚರಿಕೆ. ‘ಐ ಗಾಟ್ ಮೈ ಫಿಂಗರ್ ಕಾಟ್ ಇನ್ ದ ಡೋರ್’ ಅನ್ನುವುದೂ ಇದೇ ಅಚ್ಚಿನ ವಾಕ್ಯ. ಆದರೆ ಯಾರೂ ಬೆರಳನ್ನು ಬಾಗಿಲಿಗೆ ಸಿಕ್ಕಿಸಿಕೊಳ್ಳುವ ಕೆಲಸ ಮಾಡಿಸುವುದಿಲ್ಲ. ಬೆರಳು ಬಾಗಿಲ ಸಂದಿಗೆ ಸಿಕ್ಕಿಹಾಕಿಕೊಂಡಿತು ಅಂತ ಅರ್ಥ.

‘ಗೆಟ್’ ಜೊತೆ ಅಪ್, ಓವರ್, ಬೈ ಸೇರಿದರೆ ಬೇರೆಯೇ ಅರ್ಥ ಬರುತ್ತಲ್ಲ. ಎಲ್ಲ ಬಾಯಿಪಾಠ ಮಾಡಬೇಕಾ?

ಬೇಡ, ಆಗೋದೂ ಇಲ್ಲ. ದಿನಾ ಕಿವಿಗೆ ಬೀಳುವ ಏಳೆಂಟನ್ನು ಹಿಡಿದುಕೊಳ್ಳಿ.

‘ಗೆಟ್ ಅಪ್’ ಏಳು. ‘ಗೆಟ್ ಬೈ’ ಹೇಗೋ ದಿನ ದೂಡು. ‘ಗೆಟ್ ಅಲಾಂಗ್’ ಇಬ್ಬರಿಗೆ ಸರಿಹೋಗು. ‘ದೇ ಡೋಂಟ್ ಗೆಟ್ ಅಲಾಂಗ್’ ಅಂದರೆ ಅವರಿಬ್ಬರಿಗೂ ಆಗಿಬರಲ್ಲ. ‘ಗೆಟ್ ಓವರ್’ ಕಾಯಿಲೆಯಿಂದ, ದುಃಖದಿಂದ ಚೇತರಿಸಿಕೊಳ್ಳು. ‘ಗೆಟ್ ರಿಡ್ ಆಫ್’ ತೊಲಗಿಸು, ಪೀಡೆ ಕಳೆದುಕೊಳ್ಳು. ‘ಗೆಟ್ ಥ್ರೂ’ ಕಷ್ಟ ದಾಟು, ಫೋನ್ ಲೈನ್ ಸಿಗು. ‘ವಾಟ್ ಆರ್ ಯೂ ಗೆಟಿಂಗ್ ಅಟ್?’ ಅಂದರೆ ಏನು ಹೇಳೋಕೆ ಹೊರಟಿದ್ದೀರಿ, ಬಿಡಿಸಿ ಹೇಳಿ.

ಎರಡು ಸ್ವಲ್ಪ ರುಚಿಯಾದವು. ‘ಗೆಟ್ ಅವೇ ವಿತ್’ ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಜಾರಿಕೊಳ್ಳುವುದು. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಿ ಸೋತಿದ್ದೇನೆ, ‘ದಕ್ಕಿಸಿಕೊಂಡ’ ಅನ್ನುವುದು ಹತ್ತಿರ ಬರುತ್ತದೆ. ‘ಗೆಟ್ ಅರೌಂಡ್ ಟು’ ಅಂದರೆ ಎಷ್ಟೋ ದಿನದಿಂದ ಮುಂದೂಡಿದ್ದನ್ನು ಕೊನೆಗೂ ಪುರುಸೊತ್ತು ಮಾಡಿಕೊಂಡು ಮಾಡುವುದು. ಆ ‘ಪುರುಸೊತ್ತು’ ಇಲ್ಲದೆ ಅದರ ಅನುವಾದ ಪೂರ್ತಿಯಾಗುವುದಿಲ್ಲ.

ಈ ಪದ ಎಲ್ಲಿಂದ ಬಂತು?

ಉತ್ತರ ಯೂರೋಪಿನ ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ. ಆ ಭಾಷೆ ಆಡುತ್ತಿದ್ದ ವೈಕಿಂಗರು ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ಅವರ ಮಾತು ಇಂಗ್ಲಿಷ್‌ಗೆ ಬೆರೆಯಿತು. ‘ಟೇಕ್’ ಕೂಡ ಅವರದೇ ಕೊಡುಗೆ. ಇಂಗ್ಲಿಷ್‌ನಲ್ಲಿ ಅದೇ ಬೇರಿನ ಪದ ಮೊದಲೇ ಇತ್ತು, ಆದರೆ ಬೇರೆ ಪದಗಳಿಗೆ ಅಂಟಿಕೊಂಡು ಬದುಕುತ್ತಿತ್ತು. ‘ಫರ್ಗೆಟ್’ನ ಒಳಗಿರುವ ‘ಗೆಟ್’ ಅದೇ. ಹಿಡಿದದ್ದು ಕೈ ಜಾರಿತು, ಅಂದರೆ ಮರೆತುಹೋಯಿತು.

ಇನ್ನೂ ಹಿಂದೆ ಹೋದರೆ ಮೂಲ ಅರ್ಥ ‘ಹಿಡಿ’. ಹಿಡಿ ಅನ್ನುವ ಅರ್ಥದ ಲ್ಯಾಟಿನ್ ಪದ ‘ಪ್ರೆಹೆಂಡೆರೆ’ಯೂ ಅದೇ ದೂರದ ಬೇರಿನದು. ಅದರಿಂದಲೇ ‘ಕಾಂಪ್ರಿಹೆಂಡ್’ ಬಂತು, ‘ಪ್ರಿಸನ್’ ಕೂಡ. ಹಾಗಾಗಿ ‘ಐ ಗೆಟ್ ಇಟ್’ ಅನ್ನುವ ಹುಡುಗ ಮತ್ತು ‘ಐ ಕಾಂಪ್ರಿಹೆಂಡ್’ ಅನ್ನುವ ಪ್ರೊಫೆಸರ್ ದೂರದ ನೆಂಟರ ಪದಗಳನ್ನೇ ಆಡುತ್ತಿದ್ದಾರೆ. ಸಂಸ್ಕೃತದಿಂದ ಬಂದ ನಮ್ಮ ‘ಗ್ರಹಿಸು’ ಬೇರೆ ಬೇರಿನದು, ಆದರೆ ಅದರ ಮೂಲಾರ್ಥವೂ ಹಿಡಿಯುವುದೇ. ತಿಳಿಯುವುದು ಅಂದರೆ ಕೈಗೆ ಸಿಗುವುದು ಅಂತ ಎಲ್ಲರಿಗೂ ಅನ್ನಿಸಿದೆ.

ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಅರ್ಥ ಇರುವ ಕ್ರಿಯಾಪದ ‘ಗೆಟ್’ ತಾನೇ?

ಅಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಂದ ನಿಘಂಟಿನಲ್ಲಿ ‘ಟೇಕ್’ ಒಂದಕ್ಕೇ 134 ಅರ್ಥ ಕೊಟ್ಟಿದ್ದರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ‘ಸೆಟ್’ ಎಲ್ಲಕ್ಕಿಂತ ಉದ್ದದ ನಮೂದು, ಕ್ರಿಯಾಪದಕ್ಕೇ 430 ಅರ್ಥ. ಅದೇ ನಿಘಂಟನ್ನು ಪರಿಷ್ಕರಿಸುತ್ತಾ ಬಂದಾಗ ‘ರನ್’ 645 ಅರ್ಥಗಳೊಂದಿಗೆ ಮುಂದೆ ಹೋಯಿತು. ಆ ಒಂದು ಪದದ ಮೇಲೆ ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತರು.

ಆದರೂ ಈ ಲೆಕ್ಕಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ‘ರನ್’ಗೆ ಇರುವ ‘ನೀರು ಹರಿ’, ‘ಮೂಗು ಸೋರು’ ಅನ್ನುವ ಎರಡನ್ನೂ ಒಂದೇ ಅರ್ಥದಲ್ಲಿ ಸೇರಿಸಬಹುದು, ಬೇರೆ ಬೇರೆಯಾಗಿಯೂ ಎಣಿಸಬಹುದು. ಎಣಿಸುವವರ ಮೇಲೆ ಹೋಗುತ್ತದೆ.

ಕನ್ನಡದಲ್ಲಿ ಇಂಥ ಪದ ಇಲ್ವಾ?

ಇಲ್ಲದೆ ಏನು! ‘ಹಿಡಿ’ಯನ್ನೇ ತಗೊಳ್ಳಿ. ಬಸ್ ಹಿಡಿದೆ, ತುಕ್ಕು ಹಿಡಿಯಿತು, ಮಳೆ ಹಿಡಿಯಿತು, ಹುಚ್ಚು ಹಿಡಿಯಿತು, ಹಟ ಹಿಡಿದ, ದಾರಿ ಹಿಡಿದ, ಎರಡು ಗಂಟೆ ಹಿಡಿಯಿತು. ಒಂದು ‘ಇಸು’ ಸೇರಿಸಿದರೆ ‘ನನಗೆ ಹಿಡಿಸಿತು’, ಅಂದರೆ ಇಷ್ಟವಾಯಿತು. ‘ಈ ಡಬ್ಬಿಗೆ ಇಷ್ಟು ಹಿಡಿಸಲ್ಲ’ ಅಂದರೆ ಜಾಗ ಸಾಲದು.

‘ಹೊಡೆ’ ಇನ್ನೂ ತುಂಟ. ಸೀಟಿ ಹೊಡೆ, ಬಣ್ಣ ಹೊಡೆ, ಕಣ್ಣು ಹೊಡೆ, ನಿದ್ದೆ ಹೊಡೆ, ಲಾಟರಿ ಹೊಡೆಯಿತು. ಇದರಲ್ಲಿ ಯಾವುದರಲ್ಲೂ ಯಾರಿಗೂ ಏಟು ಬಿದ್ದಿಲ್ಲ. ಕನ್ನಡ ಕಲಿಯುವವರು ನಮ್ಮನ್ನು ‘ಹೊಡೆ ಅಂದ್ರೆ ಏನು’ ಅಂತ ಕೇಳಿದಾಗ ನಮ್ಮ ಮುಖ ಹೇಗಾಗುತ್ತದೋ, ‘ಗೆಟ್’ ಬಗ್ಗೆ ಕೇಳಿದಾಗ ಇಂಗ್ಲಿಷಿನವರ ಮುಖವೂ ಹಾಗೇ ಆಗುತ್ತದೆ.

ಅರ್ಜಿ, ಪ್ರಬಂಧಗಳಲ್ಲಿ ‘ಗೆಟ್’ ಬರೆಯಬಾರದು ಅಂತಾರೆ. ನಿಜಾನಾ?

ಅರ್ಧ ನಿಜ. ಅರ್ಜಿಯಲ್ಲಿ ‘ಐ ರಿಸೀವ್ಡ್ ಯುವರ್ ಲೆಟರ್’ ಚೆನ್ನ. ಒಂದೇ ಪ್ಯಾರಾದಲ್ಲಿ ನಾಲ್ಕು ‘ಗೆಟ್’ ಬಂದರೆ ಎರಡನ್ನು ಬದಲಿಸಿ. ಆದರೆ ಭಯಬಿದ್ದು ಎಲ್ಲವನ್ನೂ ‘ಅಬ್‌ಟೇನ್’ ಮಾಡಿದರೆ ಬರಹ ಉಸಿರುಗಟ್ಟುತ್ತದೆ. ನನ್ನ ಪರೀಕ್ಷೆ ಸುಲಭ: ‘ಗೆಟ್’ ಜಾಗಕ್ಕೆ ಇನ್ನೊಂದು ಪದ ತಾನಾಗಿ ನಾಲಿಗೆಗೆ ಬಂದರೆ ಬದಲಿಸಿ, ನಿಘಂಟು ತೆರೆದು ಹುಡುಕಬೇಕಾಗಿ ಬಂದರೆ ‘ಗೆಟ್’ ಅನ್ನೇ ಬಿಡಿ.

ಉಚ್ಚಾರಣೆ?

ಬರೆಯುವಾಗ ‘ಗೆಟಿಂಗ್’ನಲ್ಲಿ ಎರಡು ಟಿ ಇದ್ದರೂ ಒತ್ತಿ ‘ಗೆಟ್ಟಿಂಗ್’ ಅನ್ನಬೇಡಿ, ಒಂದೇ ಟ ಸಾಕು. ಅಮೆರಿಕದವರು ಆಡಿದಾಗ ಆ ಟ ಮೆತ್ತಗಾಗಿ ಡ ಹತ್ತಿರ ಹೋಗುತ್ತದೆ, ‘ಗೆಟ್ ಇಟ್’ ಒಂದೇ ಪದವಾಗಿ ‘ಗೆಡಿಟ್’ ಅಂತ ಕೇಳಿಸುತ್ತದೆ.

ಕಂಪ್ಯೂಟರಿನವರು ‘ಗೆಟ್ ರಿಕ್ವೆಸ್ಟ್’ ಅನ್ನುತ್ತಾರಲ್ಲ, ಅದೂ ಇದೇನಾ?

ಇದೇ, ‘ತಗೊಂಡು ಬಾ’ ಅರ್ಥದಲ್ಲಿ. ಬ್ರೌಸರ್ ಒಂದು ಪುಟ ಬೇಕು ಅಂದಾಗ ಸರ್ವರ್‌ಗೆ ಕಳಿಸುವ ಆದೇಶ ‘ಗೆಟ್’. ಬ್ರೌಸರ್, ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯೇ ಎಚ್‌ಟಿಟಿಪಿ. 1991ರ ಮೊದಲ ಎಚ್‌ಟಿಟಿಪಿಯಲ್ಲಿ ಇದ್ದ ಆದೇಶ ಅದೊಂದೇ.

‘ಗೆಟ್ ಔಟ್!’ ಅಂದರೆ ಯಾವಾಗಲೂ ಬೈಗುಳವೇ?

ಇಲ್ಲ, ಧ್ವನಿ ಕೇಳಿ. ಸಿಟ್ಟಿನಿಂದ ಅಂದರೆ ‘ಹೊರಗೆ ಹೋಗು’. ನಂಬಲಾಗದ ಸುದ್ದಿ ಹೇಳಿದಾಗ ಅಮೆರಿಕದ ಗೆಳೆಯರು ಕಣ್ಣರಳಿಸಿ ‘ಗೆಟ್ ಔಟ್!’ ಅನ್ನುತ್ತಾರೆ, ಆಗ ನೀವು ಎದ್ದು ಹೊರಡಬೇಕಾಗಿಲ್ಲ. ಇಷ್ಟು ಹೊತ್ತು ‘ಗೆಟ್’ಗೆ ಕನ್ನಡದಲ್ಲಿ ಸರಿಯಾದ ಒಂದು ಪದ ಸಿಗಲ್ಲ ಅಂತ ಹೇಳುತ್ತಾ ಬಂದೆ. ಇಲ್ಲಿ ಮಾತ್ರ ಅಚ್ಚು ಹಾಕಿದ ಹಾಗೆ ಸಿಗುತ್ತದೆ: ‘ಹೋಗೋ ಮಾರಾಯ!’